ಅಮೆರಿಕದ ಹಳೆಯ ಟೆಂಪರೇಚರ್ ಚೇಂಬರ್‌ಗೆ ಪೀಣ್ಯದ ಕರೆಂಟ್: ಬಳಸಿ ನೋಡಿ ಬರೆದದ್ದು

ಸೆಕೆಂಡ್ ಹ್ಯಾಂಡ್ ಟೆಂಪರೇಚರ್ ಚೇಂಬರ್ (ವಸ್ತುಗಳನ್ನು ಬೇಕಾದಷ್ಟು ತಂಪು, ಬಿಸಿ ಮಾಡಿ ಪರೀಕ್ಷಿಸುವ ಪೆಟ್ಟಿಗೆ) ತಗೋಬಹುದಾ ಅಂತ ಪೀಣ್ಯದ ಸಣ್ಣ ಕಾರ್ಖಾನೆಯವರು ತುಂಬ ಜನ ನನ್ನನ್ನು ಕೇಳುತ್ತಾರೆ. ತಗೋಬಹುದು. ಆದರೆ ಬೆಲೆ ಮಾತಾಡುವ ಮುಂಚೆ ಅದರ ನೇಮ್‌ಪ್ಲೇಟ್‌ನ, ಅಂದರೆ ವೋಲ್ಟ್, ಹರ್ಟ್ಸ್ ಬರೆದ ತಗಡಿನ, ಫೋಟೋ ತರಿಸಿಕೊಳ್ಳಿ. ಹೊರಗಿನ ಪ್ಲೇಟ್ ಒಂದೇ ಸಾಲದು. ಹಿಂದಿನ ಬಾಗಿಲು ಬಿಚ್ಚಿಸಿ, ಒಳಗಿರುವ ಎರಡೂ ಕಂಪ್ರೆಸರ್‌ಗಳ ಪ್ಲೇಟ್ ಫೋಟೋ ಕೇಳಿ. ನಮ್ಮೂರಿನ ಕರೆಂಟ್‌ನಲ್ಲಿ ಅದು ಓಡುತ್ತದೋ ಇಲ್ಲವೋ ಅನ್ನುವುದು ಆ ಎರಡು ಪ್ಲೇಟ್‌ಗಳಲ್ಲಿ ಬರೆದಿರುತ್ತದೆ.

ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ಎಲೆಕ್ಟ್ರಿಕ್ ಆಟೋಗಳಿಗೆ ಮೋಟಾರ್ ಕಂಟ್ರೋಲರ್ (ಮೋಟಾರ್ ಓಡಿಸುವ ಎಲೆಕ್ಟ್ರಾನಿಕ್ ಬೋರ್ಡ್) ಮಾಡುತ್ತೇವೆ. ಗ್ರಾಹಕರು ಮೈನಸ್ 40ರಿಂದ ಪ್ಲಸ್ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಪರೀಕ್ಷೆ ಕೇಳುತ್ತಾರೆ. ಮೊದಲೆಲ್ಲ ಹೊರಗಿನ ಲ್ಯಾಬ್‌ಗೆ ಹೋಗುತ್ತಿದ್ದೆವು. ಪೀಣ್ಯದಲ್ಲೇ ಕೇಂದ್ರ ಸರ್ಕಾರದ ಪರೀಕ್ಷಾ ಲ್ಯಾಬ್ ಇಟಿಡಿಸಿ ಇದೆ, ಖಾಸಗಿ ಲ್ಯಾಬ್‌ಗಳೂ ಇವೆ. ಗ್ರಾಹಕರಿಗೆ ಕೊಡುವ ರಿಪೋರ್ಟ್‌ಗೆ ಅದು ಸರಿ. ಆದರೆ ಬೋರ್ಡ್ ಇನ್ನೂ ಡಿಸೈನ್ ಹಂತದಲ್ಲಿರುವಾಗ ಪ್ರತಿ ಸಣ್ಣ ಬದಲಾವಣೆಗೂ ಲ್ಯಾಬ್‌ನ ಸರದಿಗೆ ಕಾಯುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ನಮ್ಮದೇ ಒಂದು ಚೇಂಬರ್ ಬೇಕೇ ಬೇಕು ಅನ್ನಿಸಿದ್ದು ಅದಕ್ಕೇ.

ನಾವು ತಂದಿದ್ದು ಅಮೆರಿಕದಲ್ಲಿ ತಯಾರಾದದ್ದು. ಒಳಗೆ 16 ಘನ ಅಡಿ ಜಾಗ, ಅಂದರೆ ಸುಮಾರು 450 ಲೀಟರ್. ಮೈನಸ್ 68ರಿಂದ ಪ್ಲಸ್ 177 ಡಿಗ್ರಿ. ಈ ವಿಚಿತ್ರ ಅಂಕಿ ಬಂದದ್ದು ಫ್ಯಾರನ್‌ಹೀಟ್‌ನಿಂದ: ಅಲ್ಲಿ ಅದು ಮೈನಸ್ 90, ಪ್ಲಸ್ 350. ಗಾಳಿಯಿಂದ ತಣಿಯುವ ಕಂಡೆನ್ಸರ್ (ಬಿಸಿ ಹೊರಗೆ ಬಿಡುವ ಭಾಗ), ಎರಡು ಹಂತದ ಕ್ಯಾಸ್ಕೇಡ್ ಕೂಲಿಂಗ್. ಹೊಸದರ ಬೆಲೆಯ ಮೂರನೇ ಒಂದು ಭಾಗಕ್ಕೆ ಸಿಕ್ಕಿತು. ತಯಾರಕರ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನಾನು ಹೇಳುವುದು ಆ ಒಂದು ಕಂಪನಿಯ ಮಾತಲ್ಲ, ಅಲ್ಲಿಂದ ಬರುವ ಇಂಥ ಹಳೆಯ ಚೇಂಬರ್‌ಗಳಿಗೆಲ್ಲ ಹೊಂದುವ ಮಾತು.

ಹೊರಗಿನ ಪ್ಲೇಟ್‌ನಲ್ಲಿ ಹೀಗಿತ್ತು: 460 ವೋಲ್ಟ್, 3 ಫೇಸ್, 60 ಹರ್ಟ್ಸ್, 24 ಆಂಪಿಯರ್. ಬೆಸ್ಕಾಂ ಕೊಡುವುದು 415 ವೋಲ್ಟ್, 50 ಹರ್ಟ್ಸ್. ಇದನ್ನು ನೋಡಿದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು: ಟ್ರಾನ್ಸ್‌ಫಾರ್ಮರ್ ಹಾಕಿ 460 ಮಾಡಿಬಿಡಿ. ದಯವಿಟ್ಟು ಹಾಗೆ ಮಾಡಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್, ಅಂದರೆ ಆವರ್ತನ, ಬದಲಿಸುವುದಿಲ್ಲ. ಮೋಟಾರಿಗೆ ಮುಖ್ಯವಾದದ್ದು ವೋಲ್ಟ್ ಮತ್ತು ಹರ್ಟ್ಸ್‌ನ ಅನುಪಾತ. 460ನ್ನು 60ರಿಂದ ಭಾಗಿಸಿದರೆ 7.67 ಬರುತ್ತದೆ. ಅದೇ ಅನುಪಾತ 50 ಹರ್ಟ್ಸ್‌ಗೆ ಬೇಕಾದರೆ 383 ವೋಲ್ಟ್ ಸಾಕು. 50 ಹರ್ಟ್ಸ್‌ನಲ್ಲಿ 460 ಕೊಟ್ಟರೆ ಮೋಟಾರಿನ ಕಬ್ಬಿಣಕ್ಕೆ ಶೇಕಡ 20ರಷ್ಟು ಜಾಸ್ತಿ ಮ್ಯಾಗ್ನೆಟಿಕ್ ಹೊರೆ ಬೀಳುತ್ತದೆ. ಕರೆಂಟ್ ಏರುತ್ತದೆ, ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಬಿಸಿಯಾಗುತ್ತದೆ. ಒಳ್ಳೆಯದು ಮಾಡಲು ಹೋಗಿ ಕಂಪ್ರೆಸರ್ ಸುಡುವ ದಾರಿ ಅದು.

ಇಲ್ಲೇ ಒಳಗಿನ ಪ್ಲೇಟ್ ಕೆಲಸಕ್ಕೆ ಬರುವುದು. ನಮ್ಮ ಎರಡೂ ಸ್ಕ್ರಾಲ್ ಕಂಪ್ರೆಸರ್‌ಗಳ ಮೇಲೆ ಎರಡು ಸಾಲು ಅಚ್ಚಾಗಿತ್ತು: 60 ಹರ್ಟ್ಸ್‌ಗೆ 460 ವೋಲ್ಟ್, 50 ಹರ್ಟ್ಸ್‌ಗೆ 380ರಿಂದ 420 ವೋಲ್ಟ್. ಅಂದರೆ ಕಂಪ್ರೆಸರ್ ಮಾಡಿದವರೇ ನಮ್ಮ ಕರೆಂಟ್‌ಗೆ ಒಪ್ಪಿಗೆ ಕೊಟ್ಟಾಗಿದೆ. ಟ್ರಾನ್ಸ್‌ಫಾರ್ಮರ್ ಬೇಡ, ನೇರವಾಗಿ 415 ಕೊಡಿ. ಅದೇ ಚೇಂಬರ್ 208 ವೋಲ್ಟ್ ಮಾದರಿಯಲ್ಲೂ ಬರುತ್ತದೆ, ಬೆಲೆ ಸ್ವಲ್ಪ ಕಮ್ಮಿ. ಆದರೆ ಅದಕ್ಕೆ 415ರಿಂದ 200 ವೋಲ್ಟ್‌ಗೆ ಇಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. 20 ಕೆವಿಎ ಗಾತ್ರದ್ದು. ಅದರ ದುಡ್ಡು, ಅದರ ಜಾಗ, ಅದರ ಬಿಸಿ ಎಲ್ಲ ಸೇರಿಸಿದರೆ ಉಳಿತಾಯ ಅನ್ನುವುದೇ ಇರುವುದಿಲ್ಲ. ಕಂಪ್ರೆಸರ್ ಪ್ಲೇಟ್‌ನಲ್ಲಿ 60 ಹರ್ಟ್ಸ್ ಮಾತ್ರ ಇದ್ದರೆ ಆ ಚೇಂಬರ್ ಕಡೆ ತಿರುಗಿಯೂ ನೋಡಬೇಡಿ, ಎಷ್ಟೇ ಅಗ್ಗವಾಗಿರಲಿ.

ಮಿಕ್ಕ ಭಾಗಗಳ ಕಥೆ ಒಂದೊಂದಕ್ಕೂ ಬೇರೆ. ಹೀಟರ್‌ಗೆ ಹರ್ಟ್ಸ್ ಲೆಕ್ಕವೇ ಇಲ್ಲ, ಆದರೆ ವೋಲ್ಟ್ ಲೆಕ್ಕ ಇದೆ. 460ಕ್ಕೆ ಮಾಡಿದ ಹೀಟರ್ 415ರಲ್ಲಿ ಶೇಕಡ 81ರಷ್ಟು ಮಾತ್ರ ಶಾಖ ಕೊಡುತ್ತದೆ. ಬಿಸಿ ಏರುವುದು ಸ್ವಲ್ಪ ನಿಧಾನ, ಅಷ್ಟೇ. ನಮಗೆ 85 ಸಾಕಾದ್ದರಿಂದ ಅದು ತೊಂದರೆಯೇ ಅಲ್ಲ. ಒಳಗೆ ಗಾಳಿ ತಿರುಗಿಸುವ ಬ್ಲೋವರ್ ಫ್ಯಾನ್‌ನ ಮೋಟಾರ್ ಪ್ಲೇಟ್‌ನಲ್ಲಿ 60 ಹರ್ಟ್ಸ್ ಮಾತ್ರ ಇತ್ತು. ಅದನ್ನು ನೋಡಿ ನಮ್ಮ ಎಲೆಕ್ಟ್ರಿಷಿಯನ್ ಹಿಂದೇಟು ಹಾಕಿದರು. ಲೆಕ್ಕ ಹಾಕಿ ತೋರಿಸಿದೆ. 50 ಹರ್ಟ್ಸ್‌ನಲ್ಲಿ ಫ್ಯಾನ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಫ್ಯಾನ್‌ಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಸುಮಾರು ಶೇಕಡ 58ಕ್ಕೆ. ಹೊರೆ ಅಷ್ಟು ಇಳಿದಾಗ ವೋಲ್ಟ್ ಸ್ವಲ್ಪ ಜಾಸ್ತಿಯಾದರೂ ಮೋಟಾರ್ ತಡೆದುಕೊಳ್ಳುತ್ತದೆ. ಆಮೇಲೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆವು. ಪ್ಲೇಟ್‌ನಲ್ಲಿದ್ದ ಆಂಪಿಯರ್‌ಗಿಂತ ಕಮ್ಮಿಯೇ ಇತ್ತು.

ಸ್ವಿಚ್, ವಾಲ್ವ್‌ಗಳಿಗೆ ಕರೆಂಟ್ ಕೊಡಲು ಚೇಂಬರ್ ಒಳಗೇ ಇರುವ ಸಣ್ಣ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕೈ ಹಾಕಿ ಕೆಡಿಸುವುದು ಜಾಸ್ತಿ ಇಲ್ಲೇ. ಅದು 460ನ್ನು 115ಕ್ಕೆ ಇಳಿಸುವಂಥದ್ದು. 415 ಕೊಟ್ಟರೆ 104 ಬರುತ್ತದೆ. ಮೀಟರ್ ಇಟ್ಟವರೆಲ್ಲ, ಮೇಡಂ ವೋಲ್ಟೇಜ್ ಕಮ್ಮಿ, ಬೇರೆ ಟ್ರಾನ್ಸ್‌ಫಾರ್ಮರ್ ಹಾಕೋಣ ಅಂದರು. ಬೇಡ ಅಂದೆ. ಕಾಂಟ್ಯಾಕ್ಟರ್‌ಗಳ (ಮೋಟಾರ್ ಆನ್, ಆಫ್ ಮಾಡುವ ಸ್ವಿಚ್‌ಗಳ) ಕಾಯಿಲ್ ಮೇಲೆ ಏನು ಬರೆದಿದೆ ನೋಡಿ: 60 ಹರ್ಟ್ಸ್‌ಗೆ 120 ವೋಲ್ಟ್, 50 ಹರ್ಟ್ಸ್‌ಗೆ 110 ವೋಲ್ಟ್. ಕಾಯಿಲ್‌ಗೂ ಅದೇ ಅನುಪಾತದ ನಿಯಮ. ಹಾಗಾಗಿ 104 ನಮ್ಮಲ್ಲಿ ಸರಿಯಾಗೇ ಇದೆ. ಅದನ್ನು 120ಕ್ಕೆ ಏರಿಸಿದ್ದರೆ ಕರೆಂಟ್‌ನಿಂದ ತೆರೆಯುವ ಸಾಲೆನಾಯ್ಡ್ ವಾಲ್ವ್‌ಗಳ ಕಾಯಿಲ್ ಸುಮ್ನೆ ಕಾದು ಕಾದು ಹಾಳಾಗುತ್ತಿತ್ತು. ಸಂಜೆ ಹೊತ್ತು ನಮ್ಮ ಲೈನ್ 390ಕ್ಕೆ ಇಳಿಯುವುದುಂಟು. ಆಗ ಕಾಯಿಲ್‌ಗೆ 97 ಚಿಲ್ಲರೆ ಸಿಗುತ್ತದೆ. ಅದೂ 110ರ ಶೇಕಡ 85ಕ್ಕಿಂತ ಮೇಲೆ ಇರುವುದರಿಂದ ಕಾಂಟ್ಯಾಕ್ಟರ್ ಬಿಟ್ಟುಕೊಂಡಿಲ್ಲ. ಮೆಷಿನ್‌ನಲ್ಲಿ ಹಳೆಯ ಗಡಿಯಾರದ ಥರದ ಮೋಟಾರ್ ಟೈಮರ್ ಇದ್ದರೆ ಮಾತ್ರ ನೆನಪಿಡಿ: 60 ನಿಮಿಷಕ್ಕೆ ಇಟ್ಟದ್ದು ಇಲ್ಲಿ 72 ನಿಮಿಷ ತೆಗೆದುಕೊಳ್ಳುತ್ತದೆ.

ವೈರಿನ ಬಣ್ಣದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಇದು ಜೀವದ ವಿಷಯ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗಳು. ಕಪ್ಪು ನ್ಯೂಟ್ರಲ್. ಅಮೆರಿಕದ ಪ್ಯಾನೆಲ್‌ನಲ್ಲಿ ಕಪ್ಪು ವೈರ್ ಅಂದರೆ ಕರೆಂಟ್ ಇರುವ ವೈರ್, ಬಿಳಿ ನ್ಯೂಟ್ರಲ್. ಪೀಣ್ಯದಲ್ಲಿ ಕೆಲಸ ಕಲಿತ ಯಾವ ಹುಡುಗನಾದರೂ ಕಪ್ಪು ನೋಡಿದರೆ ಧೈರ್ಯವಾಗಿ ಕೈ ಹಾಕುತ್ತಾನೆ. ಪ್ಯಾನೆಲ್ ಬಾಗಿಲ ಒಳಗೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ: ಇಲ್ಲಿ ಕಪ್ಪು ವೈರ್‌ನಲ್ಲಿ ಕರೆಂಟ್ ಇದೆ. ನೀವೂ ಮೊದಲ ದಿನವೇ ಇದನ್ನು ಮಾಡಿ.

"ಮೇಡಂ, ಇದಕ್ಕೆ ನ್ಯೂಟ್ರಲ್ ಎಲ್ಲಿ?" ಅಂತ ಎಲೆಕ್ಟ್ರಿಷಿಯನ್ ಕೇಳಿದರು. ಇಲ್ಲ, ಬೇಕಾಗಿಯೂ ಇಲ್ಲ. ಮೂರು ಫೇಸ್, ಒಂದು ಅರ್ಥ್, ಅಷ್ಟೇ. ಕಂಟ್ರೋಲ್ ಕರೆಂಟ್ ಎರಡು ಫೇಸ್ ನಡುವಿನಿಂದ ತೆಗೆದುಕೊಳ್ಳುತ್ತದೆ. ಇದು ನಮಗೆ ದೊಡ್ಡ ಅನುಕೂಲ. ಏಕೆಂದರೆ ಪೀಣ್ಯದ ಶೆಡ್‌ಗಳಲ್ಲಿ ನ್ಯೂಟ್ರಲ್ ಲೂಸ್ ಆಗಿ ಒಂದು ಫೇಸ್‌ನ ಉಪಕರಣಗಳೆಲ್ಲ ಸುಟ್ಟುಹೋದ ಘಟನೆ ಅಕ್ಕಪಕ್ಕದಲ್ಲೇ ನೋಡಿದ್ದೇವೆ. ಈ ಚೇಂಬರ್‌ಗೆ ಆ ಭಯ ಇಲ್ಲ.

ಅರ್ಥಿಂಗ್ ಮಾತ್ರ ನಮ್ಮ ದೇಶದ ನಿಯಮದಂತೆ ಮಾಡಿಸಿ. ಮೂರು ಫೇಸ್ ಮೆಷಿನ್‌ನ ಮೈಗೆ ಎರಡು ಬೇರೆ ಬೇರೆ ಅರ್ಥ್ ಸಂಪರ್ಕ ಇರಬೇಕು. ಚೇಂಬರ್‌ನಲ್ಲಿ ಒಂದೇ ಬೋಲ್ಟ್ ಇತ್ತು. ಇನ್ನೊಂದು ಕಡೆ ಪೇಂಟ್ ಕೆರೆಸಿ, ಬೋಲ್ಟ್ ಹಾಕಿಸಿ, ಎರಡನೇ ಅರ್ಥ್ ಪಿಟ್‌ಗೆ ಜಿಐ ಪಟ್ಟಿ ಎಳೆಸಿದೆವು. ಕೇಬಲ್ 10 ಚದರ ಮಿಲಿಮೀಟರ್ ತಾಮ್ರ. ಲೆಕ್ಕಕ್ಕೆ 6 ಸಾಕು ಅಂತ ಬಂತು. ಆದರೆ ನಮ್ಮ ಮೇನ್ ಪ್ಯಾನೆಲ್ ಶೆಡ್‌ನ ಆ ತುದಿಯಲ್ಲಿದೆ, ಕಂಪ್ರೆಸರ್ ಶುರುವಾಗುವಾಗ ವೋಲ್ಟೇಜ್ ಕುಸಿಯಬಾರದು. ಎಂಸಿಬಿ ಡಿ ಕರ್ವ್‌ದು ಹಾಕಿ. ಅಂಗಡಿಯಲ್ಲಿ ಸುಮ್ನೆ ಎಂಸಿಬಿ ಅಂದರೆ ಸಿ ಕರ್ವ್ ಕೊಡುತ್ತಾರೆ. ಅದು ಕಂಪ್ರೆಸರ್ ಶುರುವಾಗುವ ಎಳೆತಕ್ಕೆ ಆಗಾಗ ಟ್ರಿಪ್ ಆಗುತ್ತದೆ, ಅದೂ ರಾತ್ರಿ ಯಾರೂ ಇಲ್ಲದಾಗ.

ಇನ್ನು ಫೇಸ್ ಸರದಿ. ಸ್ಕ್ರಾಲ್ ಕಂಪ್ರೆಸರ್ ಒಂದೇ ದಿಕ್ಕಿಗೆ ತಿರುಗಬೇಕು. ಎರಡು ಫೇಸ್ ಅದಲು ಬದಲಾದರೆ ಹಿಂದಕ್ಕೆ ತಿರುಗುತ್ತದೆ. ಕರಕರ ಸದ್ದು ಬರುತ್ತದೆ, ತಂಪು ಮಾಡುವ ಗ್ಯಾಸ್ ಪಂಪ್ ಆಗುವುದಿಲ್ಲ, ಬಿಟ್ಟರೆ ಹಾಳಾಗುತ್ತದೆ. ನಾವು ಒಂದು ಸಲ ಸರಿ ಮಾಡಿ ಹಾಕಿದರೆ ಆಯಿತಲ್ವಾ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಕೇಬಲ್ ಕಿತ್ತು ಮತ್ತೆ ಜೋಡಿಸಿದಾಗ ಸರದಿ ಬದಲಾಗಿ ಬರಬಹುದು. ಡಿಜಿ ಸೆಟ್‌ನ (ಡೀಸೆಲ್ ಜನರೇಟರ್‌ನ) ಸರದಿ ಬೇರೆ ಇರಬಹುದು. ಅದಕ್ಕೇ ಎಸ್‌ಪಿಪಿ (ಸಿಂಗಲ್ ಫೇಸ್ ಪ್ರಿವೆಂಟರ್ ಅನ್ನುವ ರಕ್ಷಣಾ ರಿಲೇ) ಕೊಳ್ಳುವಾಗ ಫೇಸ್ ಹೋದರೆ ಮಾತ್ರ ನಿಲ್ಲಿಸುವಂಥದ್ದು ಬೇಡ. ಸರದಿ ತಪ್ಪಿದರೂ, ವೋಲ್ಟ್ ಏರಿದರೂ ಇಳಿದರೂ ನಿಲ್ಲಿಸುವಂಥದ್ದು ತೆಗೆದುಕೊಳ್ಳಿ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಬೆಲೆ ಬಾಳಿದ ಸಾಮಾನು ಬೇರೊಂದಿಲ್ಲ. ರಾತ್ರಿ ಪಕ್ಕದ ಕಾರ್ಖಾನೆಗಳೆಲ್ಲ ನಿಂತಾಗ ನಮ್ಮ ಲೈನ್ 435ಕ್ಕೂ ಏರುತ್ತದೆ. ಅದೆಲ್ಲ ಈ ರಿಲೇ ಕಣ್ಣಿನಲ್ಲಿರುತ್ತದೆ.

ಮೊದಲ ಸಲ ಕರೆಂಟ್ ಕೊಟ್ಟ ದಿನ ಎಲ್ಲರಿಗೂ ತಕ್ಷಣ ಮೈನಸ್ 40 ನೋಡುವ ಆಸೆ. ಕಾಯಬೇಕು. ಕಂಪ್ರೆಸರ್ ತಳಕ್ಕೆ ಸುತ್ತಿದ ಒಂದು ಸಣ್ಣ ಹೀಟರ್ ಇರುತ್ತದೆ. ಲಾರಿಯಲ್ಲಿ, ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಮೆಷಿನ್‌ನಲ್ಲಿ ಗ್ಯಾಸ್ ಹೋಗಿ ಎಣ್ಣೆಯೊಳಗೆ ಕರಗಿ ಕೂತಿರುತ್ತದೆ. ಆ ಹೀಟರ್ ಒಂದು ಇಡೀ ದಿನ ಬಿಸಿಯಾಗಿದ್ದರೆ ಗ್ಯಾಸ್ ಎಣ್ಣೆಯಿಂದ ಬಿಟ್ಟುಕೊಳ್ಳುತ್ತದೆ. ಹಾಗೇ ಶುರು ಮಾಡಿದರೆ ಎಣ್ಣೆ ನೊರೆಯಾಗಿ ಬೇರಿಂಗ್‌ಗಳಿಗೆ ಎಣ್ಣೆ ಸಿಗುವುದಿಲ್ಲ. ಮಾರಿದವರ ಕಡೆಯಿಂದ ಬಂದ ಹುಡುಗ, ಈಗಲೇ ಆನ್ ಮಾಡಿ ತೋರಿಸಿ ಹೋಗ್ತೀನಿ ಅಂದ. ನಾವು ಬಿಡಲಿಲ್ಲ. ನೀವೂ ಬಿಡಬೇಡಿ. ಇದೇ ಕಾರಣಕ್ಕೆ ಶನಿವಾರ ಸಂಜೆ ಮನೆಗೆ ಹೋಗುವಾಗ ಚೇಂಬರ್‌ನ ಮೇನ್ಸ್ ಆಫ್ ಮಾಡುವ ಅಭ್ಯಾಸ ಬೇಡ. ಚೇಂಬರ್‌ನ ಕಂಟ್ರೋಲರ್ ನಿಲ್ಲಿಸಿ, ಮೇನ್ಸ್ ಹಾಗೇ ಇರಲಿ.

ಕ್ಯಾಸ್ಕೇಡ್ ಬಗ್ಗೆ ನಾಲ್ಕು ಮಾತು, ಇದು ತಿಳಿದರೆ ಚೇಂಬರ್ ನಡೆಸುವುದು ಸುಲಭ. ಒಂದೇ ಕಂಪ್ರೆಸರ್‌ನಲ್ಲಿ ಮೈನಸ್ 40ರ ಹತ್ತಿರ ಹೋಗುವುದೇ ಕಷ್ಟ. ಅದಕ್ಕೆ ಎರಡು ಸರ್ಕ್ಯೂಟ್. ಮೊದಲನೆಯದರಲ್ಲಿ ಆರ್-404ಎ ಅನ್ನುವ ಗ್ಯಾಸ್, ಎರಡನೆಯದರಲ್ಲಿ ಆರ್-23 ಅನ್ನುವ ಗ್ಯಾಸ್. ಆರ್-23 ಕುದಿಯುವುದು ಮೈನಸ್ 82 ಡಿಗ್ರಿಯಲ್ಲಿ. ಆದರೆ ಅದರ ಕ್ರಿಟಿಕಲ್ ಟೆಂಪರೇಚರ್ ಸುಮಾರು 26 ಡಿಗ್ರಿ. ಅಂದರೆ ಬೆಂಗಳೂರಿನ ಮಧ್ಯಾಹ್ನದಲ್ಲಿ ಎಷ್ಟೇ ಒತ್ತಿದರೂ ಅದು ದ್ರವ ಆಗುವುದೇ ಇಲ್ಲ. ಮೊದಲನೆಯ ಸರ್ಕ್ಯೂಟ್ ಓಡಿ ಜಾಗ ತಂಪು ಮಾಡಿದ ಮೇಲೇ ಎರಡನೆಯದಕ್ಕೆ ಕೆಲಸ. ಮೆಷಿನ್ ಆನ್ ಮಾಡಿದ ಮೇಲೆ ಒಂದೇ ಕಂಪ್ರೆಸರ್ ಸದ್ದು ಕೇಳಿ, ಇನ್ನೊಂದು ಕೆಟ್ಟಿದೆ ಅಂತ ಗಾಬರಿ ಬೀಳುವವರಿದ್ದಾರೆ. ಸ್ವಲ್ಪ ತಾಳಿ, ಅದು ತನ್ನ ಸರದಿ ಬಂದಾಗ ಶುರುವಾಗುತ್ತದೆ. ಹಿಂದೆ ಕಾಣುವ ದೊಡ್ಡ ಖಾಲಿ ಟ್ಯಾಂಕ್ ಕೂಡ ಇದಕ್ಕೇ ಇರುವುದು: ಮೆಷಿನ್ ನಿಂತಾಗ ಆರ್-23 ಹಿಗ್ಗಿಕೊಳ್ಳಲು ಜಾಗ ಬೇಕು.

ಈಗ ಕೆಲಸ ಹೇಗೆ ಮಾಡುತ್ತದೆ ಅನ್ನುವುದು. 50 ಹರ್ಟ್ಸ್‌ನಲ್ಲಿ ಕಂಪ್ರೆಸರ್ ಆರನೇ ಒಂದು ಪಾಲು ಕಮ್ಮಿ ತಿರುಗುತ್ತದೆ, ತಂಪು ಕೂಡ ಅಷ್ಟೇ ಕಮ್ಮಿ. ಖಾಲಿ ಚೇಂಬರ್ 25ರಿಂದ ಮೈನಸ್ 40ಕ್ಕೆ ಇಳಿಯಲು ಅದರ ಕಾಗದದಲ್ಲಿ 25 ನಿಮಿಷ ಅಂತಿದೆ. ನಮ್ಮಲ್ಲಿ ಅರ್ಧ ಗಂಟೆ ದಾಟುತ್ತದೆ. ನಿಧಾನವಾಗಿ ತಾಪ ಬದಲಾಗುವ ಪರೀಕ್ಷೆಗಳಿಗೆ ಇದು ಸಾಕು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60068ರ ತಂಪಿನ ಪರೀಕ್ಷೆ, ಒಣ ಬಿಸಿಯ ಪರೀಕ್ಷೆ ಎರಡಕ್ಕೂ ಏನೂ ಅಡ್ಡಿ ಇಲ್ಲ. ನಿಮಿಷಕ್ಕೆ ಇಷ್ಟೇ ಡಿಗ್ರಿ ಇಳಿಯಬೇಕು ಅಂತ ನಿಮ್ಮ ಗ್ರಾಹಕರು ಗಟ್ಟಿಯಾಗಿ ಬರೆದಿದ್ದರೆ ಮಾತ್ರ, ಕಾಗದದ ಅಂಕಿಯನ್ನು ನಂಬದೆ ಆರನೇ ಒಂದು ಪಾಲು ಕಳೆದು ಲೆಕ್ಕ ಹಾಕಿ.

ಏಪ್ರಿಲ್‌ನಲ್ಲಿ ಇನ್ನೂ ಸ್ವಲ್ಪ ಕಳೆಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳುವು. ಕಂಡೆನ್ಸರ್ ಫ್ಯಾನ್ ಕೂಡ 50 ಹರ್ಟ್ಸ್‌ನಲ್ಲಿ ನಿಧಾನ. ಮೇಲೆ ನಮ್ಮದು ಶೀಟ್ ಹಾಕಿದ ಶೆಡ್. ಹೊರಗೆ 36 ಇದ್ದರೆ ಶೀಟ್ ಕೆಳಗೆ 40 ದಾಟುತ್ತದೆ. ಹೈ ಪ್ರೆಷರ್ ಸ್ವಿಚ್ ಟ್ರಿಪ್ ಆಗತೊಡಗಿತು. ಗ್ಯಾಸ್ ಜಾಸ್ತಿ ಇದೆ, ಸ್ವಲ್ಪ ಬಿಡೋಣ ಅಂತ ಬಂದ ಒಬ್ಬ ಮೆಕ್ಯಾನಿಕ್ ಹೇಳಿದ. ಬಿಡಲು ಒಪ್ಪಲಿಲ್ಲ. ಕಂಡೆನ್ಸರ್ ಹಿಂದಿನ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆಸಿ, ಬಿಸಿ ಗಾಳಿ ಹೊರಗೆ ಹೋಗಲು ತಗಡಿನ ಡಕ್ಟ್ ಮಾಡಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಟ್ರಿಪ್ ನಿಂತಿತು. ತನ್ನದೇ ಬಿಸಿ ಗಾಳಿಯನ್ನು ಅದು ಮತ್ತೆ ಎಳೆದುಕೊಳ್ಳುತ್ತಿತ್ತು, ಅಷ್ಟೇ. ಗೋಡೆಗೆ ಒತ್ತಿ ನಿಲ್ಲಿಸಬೇಡಿ, ಮೂರೂ ಕಡೆ ಒಬ್ಬ ಮನುಷ್ಯ ಆರಾಮಾಗಿ ನಿಂತು ಸ್ಪ್ಯಾನರ್ ಆಡಿಸುವಷ್ಟು ಜಾಗ ಬಿಡಿ.

ಚೇಂಬರ್‌ನ ಕಂಟ್ರೋಲರ್ ಹಳೆಯದಾದರೂ ಗಟ್ಟಿ. ಬಟನ್‌ಗಳು ಸವೆದಿಲ್ಲ, ಪ್ರೋಗ್ರಾಂ ಹಾಕುವುದು ನಮ್ಮ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಕಲಿತರು. ಒಂದೇ ಒಂದು ಎಚ್ಚರ. ಅದು ಫ್ಯಾರನ್‌ಹೀಟ್‌ಗೂ ಬದಲಾಗುತ್ತದೆ. ಮೈನಸ್ 40 ಎರಡರಲ್ಲೂ ಒಂದೇ, ಹಾಗಾಗಿ ತಂಪಿನ ಪರೀಕ್ಷೆಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬಿಸಿಗೆ ಬಂದಾಗ 85 ಫ್ಯಾರನ್‌ಹೀಟ್ ಅಂದರೆ 29 ಸೆಲ್ಸಿಯಸ್ ಚಿಲ್ಲರೆ. ಕೋಣೆಯ ಬಿಸಿಯಲ್ಲೇ ಬೋರ್ಡ್ ಇಟ್ಟು ಪಾಸ್ ಅಂತ ಬರೆದಂತೆ. ಪ್ರತಿ ಪರೀಕ್ಷೆಯ ಹಾಳೆಯಲ್ಲಿ ಮೊದಲ ಸಾಲು, ಡಿಸ್‌ಪ್ಲೇಯಲ್ಲಿ ಸಿ ಅಕ್ಷರ ನೋಡಿದೆಯಾ ಅಂತ. ಅದಕ್ಕೆ ಸಹಿ ಬೇಕು.

ಒಳಗೆ ಇಟ್ಟ ನಮ್ಮ ಮೋಟಾರ್ ಕಂಟ್ರೋಲರ್‌ಗಳಿಗೆ ಕರೆಂಟ್ ಕೊಟ್ಟೇ ಪರೀಕ್ಷೆ ಮಾಡುತ್ತೇವೆ. ಅವು ತಾವೇ ಬಿಸಿ ಬಿಡುತ್ತವೆ. ಬ್ಲೋವರ್ ನಿಂತುಹೋದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಬಿಸಿ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಚೇಂಬರ್‌ನಿಂದ ಒಂದು ಕಾಂಟ್ಯಾಕ್ಟ್ ತೆಗೆದು ನಮ್ಮ ಪವರ್ ಸಪ್ಲೈಗೆ ಇಂಟರ್‌ಲಾಕ್ ಮಾಡಿದ್ದೇವೆ. ಚೇಂಬರ್ ಟ್ರಿಪ್ ಆದರೆ ಬೋರ್ಡ್‌ಗಳ ಸಪ್ಲೈ ಕೂಡ ಕಟ್. ಚೇಂಬರ್‌ನಲ್ಲಿ ಮುಖ್ಯ ಕಂಟ್ರೋಲರ್ ಬಿಟ್ಟು ಇನ್ನೊಂದು ಪ್ರತ್ಯೇಕ ಓವರ್ ಟೆಂಪರೇಚರ್ ಯೂನಿಟ್ ಇದೆ, ಅದಕ್ಕೆ ಅದರದ್ದೇ ಸೆನ್ಸರ್. ಅದನ್ನು ಪರೀಕ್ಷೆಯ ತಾಪಕ್ಕಿಂತ 10 ಡಿಗ್ರಿ ಮೇಲೆ ಇಡುತ್ತೇವೆ. ಬಹಳ ಕಡೆ ಅದನ್ನು ಗರಿಷ್ಠಕ್ಕೆ ತಿರುಗಿಸಿ ಮರೆತಿರುತ್ತಾರೆ. ಹಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಬಾಗಿಲು. ತಂಪಿನಲ್ಲಿರುವಾಗ ಬಾಗಿಲು ತೆಗೆಯಬಾರದು ಅನ್ನುವುದನ್ನು ನಾನು ಎಷ್ಟು ಹೇಳಿದರೂ ಸಾಲದು. ಮಳೆಗಾಲದಲ್ಲಿ ಬೆಂಗಳೂರಿನ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ತಾಪ) 20 ಡಿಗ್ರಿಯ ಹತ್ತಿರ ಇರುತ್ತದೆ. ಮೈನಸ್ 40ರ ಬೋರ್ಡ್ ಮೇಲೆ ಆ ಗಾಳಿ ಬಿದ್ದರೆ ಕ್ಷಣದಲ್ಲಿ ಹಿಮ ಕೂರುತ್ತದೆ, ಆಮೇಲೆ ಕರಗಿ ನೀರು. ಆ ನೀರಿನ ಮೇಲೆ 48 ವೋಲ್ಟ್ ಕೊಟ್ಟರೆ ಕೆಟ್ಟದ್ದು ತಂಪಿನಿಂದಲೋ ನೀರಿನಿಂದಲೋ ಅಂತ ಯಾರೂ ಹೇಳಲಾರರು. ಪರೀಕ್ಷೆ ಮುಗಿದ ಮೇಲೆ ಬಾಗಿಲು ಮುಚ್ಚಿಯೇ 35ಕ್ಕೆ ಏರಿಸಿ, ಬೋರ್ಡ್ ಕೂಡ ಬೆಚ್ಚಗಾದ ಮೇಲೆ ತೆಗೆಯುತ್ತೇವೆ. ಈ ಚೇಂಬರ್‌ನ ಕಿಟಕಿ ದೊಡ್ಡದು, ಗಾಜಿಗೆ ಹೀಟರ್ ಇದೆ, ಒಳಗೆ ದೀಪ ಇದೆ. ಮೈನಸ್ 40ರಲ್ಲೂ ಒಳಗಿರುವುದು ಸ್ಪಷ್ಟವಾಗಿ ಕಾಣುತ್ತದೆ, ಬಾಗಿಲು ತೆಗೆಯುವ ನೆಪವೇ ಇಲ್ಲ. ಇದು ನನಗೆ ತುಂಬ ಇಷ್ಟವಾದ ಭಾಗ. ಕೇಬಲ್ ಹಾಕುವ ತೂತು ಎರಡೂ ಪಕ್ಕ ಇದೆ, ಸಿಲಿಕಾನ್ ಬಿರಡೆಯ ಜೊತೆ. ಅದರ ಮೂಲಕ ಪಿವಿಸಿ ವೈರ್ ಹಾಕಬೇಡಿ. ತಂಪಿನಲ್ಲಿ ಅದು ಬಿರುಸಾಗಿ ಬಿರಿಯುತ್ತದೆ. ಸಿಲಿಕಾನ್ ಅಥವಾ ಟೆಫ್ಲಾನ್ ವೈರ್ ಬಳಸಿ.

ಚೇಂಬರ್‌ನ ಡಿಸ್‌ಪ್ಲೇ ಮೈನಸ್ 40 ತೋರಿಸಿದರೆ ಗಾಳಿ ಮೈನಸ್ 40 ಆಗಿದೆ ಅಂತ ಅರ್ಥ, ನಿಮ್ಮ ವಸ್ತು ಆಗಿದೆ ಅಂತಲ್ಲ. ನಮ್ಮ ಮೋಟಾರ್ ಕಂಟ್ರೋಲರ್‌ಗೆ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದೆ. ಗಾಳಿ ತಲುಪಿದ ಎಷ್ಟೋ ಹೊತ್ತಿನ ಮೇಲೆ ಅದರ ನಡುಭಾಗ ತಲುಪುತ್ತದೆ. ಒಂದು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಹೀಟ್‌ಸಿಂಕ್‌ಗೆ ಅಂಟಿಸಿ, ಅದು ತಲುಪಿದ ಮೇಲೇ ಗಡಿಯಾರ ಶುರು ಮಾಡುತ್ತೇವೆ. ಈ ಚೇಂಬರ್ ಬಂದ ಮೇಲೆ ನಮಗೆ ಸಿಕ್ಕ ದೊಡ್ಡ ಲಾಭ ಇದರಿಂದಲೇ ಬಂದದ್ದು. ತಂಪಿನಲ್ಲಿ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳ ಒಳ ಪ್ರತಿರೋಧ ಏರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆವು. ಬೋರ್ಡ್ ನಿಜವಾಗಿ ಮೈನಸ್ 40 ತಲುಪಿದಾಗ ನಮ್ಮ 12 ವೋಲ್ಟ್ ಸಪ್ಲೈ ಅಲುಗಾಡುವುದನ್ನು ಕಣ್ಣಾರೆ ನೋಡಿದೆವು. ಬೇರೆ ಕೆಪ್ಯಾಸಿಟರ್ ಹಾಕಿದೆವು, ನಿಂತಿತು.

ಕರೆಂಟ್ ಹೋದಾಗ ಏನು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಚೇಂಬರ್‌ನ ಕಂಟ್ರೋಲರ್‌ನಲ್ಲಿ ಮೂರು ಆಯ್ಕೆ: ಬಿಟ್ಟಲ್ಲಿಂದ ಮುಂದುವರಿಸು, ಮೊದಲಿಂದ ಶುರು ಮಾಡು, ನಿಲ್ಲು. ನಾವು ನಿಲ್ಲು ಅನ್ನುವುದಕ್ಕೆ ಇಟ್ಟಿದ್ದೇವೆ. ಅರ್ಧ ಗಂಟೆ ಕರೆಂಟ್ ಇಲ್ಲದೆ ಬೋರ್ಡ್ ಬೆಚ್ಚಗಾಗಿದ್ದರೆ, ಗಡಿಯಾರ ಮಾತ್ರ ಮುಂದುವರಿದರೆ ಆ ರಿಪೋರ್ಟ್‌ಗೆ ಅರ್ಥ ಇಲ್ಲ. ಡೇಟಾ ಲಾಗರ್ ಮಾತ್ರ ಯುಪಿಎಸ್ ಮೇಲಿದೆ, ಕರೆಂಟ್ ಹೋದ ಹೊತ್ತಿನ ತಾಪವೂ ಅದರಲ್ಲಿ ದಾಖಲಾಗುತ್ತದೆ. ಕರೆಂಟ್ ಬಂದ ತಕ್ಷಣ ಕಂಪ್ರೆಸರ್ ಶುರುವಾಗದಂತೆ 5 ನಿಮಿಷದ ಟೈಮರ್ ಕೂಡ ಹಾಕಿಸಿದ್ದೇವೆ. ಬಿಲ್ ವಿಷಯ ಕೇಳುವವರಿಗೆ: ಮೈನಸ್ 40ರಲ್ಲಿ ನಿಂತಿರುವಾಗ ಗಂಟೆಗೆ ಸುಮಾರು 7 ಯೂನಿಟ್, 85ರಲ್ಲಿ ಅದರ ಮೂರನೇ ಒಂದು ಭಾಗ. ತರುವ ಮುಂಚೆ ನಿಮ್ಮ ಸ್ಯಾಂಕ್ಷನ್ ಲೋಡ್ (ಬೆಸ್ಕಾಂ ನಿಮಗೆ ಮಂಜೂರು ಮಾಡಿದ ವಿದ್ಯುತ್ ಮಿತಿ) ನೋಡಿಕೊಳ್ಳಿ.

ಮಾರಿದವರ ಬಗ್ಗೆ ನನಗೆ ಬೇಸರ ಇದೆ. ಪೆಟ್ಟಿಗೆ ಒಳ್ಳೆಯದೇ ಕೊಟ್ಟರು. ಆದರೆ ಸರ್ಕ್ಯೂಟ್ ಡ್ರಾಯಿಂಗ್ ಕೊಡುತ್ತೇವೆ ಅಂದವರು ಕೊಡಲಿಲ್ಲ. ಕೊನೆಗೆ ತಯಾರಕರಿಗೇ ಸೀರಿಯಲ್ ನಂಬರ್ ಬರೆದು ಕಳುಹಿಸಿದಾಗ ಅವರು ಡ್ರಾಯಿಂಗ್ ಕಳುಹಿಸಿದರು, ಅದೂ ದುಡ್ಡು ಕೇಳದೆ. ಕ್ಯಾಲಿಬ್ರೇಶನ್ ಆಗಿದೆ ಅಂತ ಮಾರಿದವರು ಕೊಟ್ಟ ಕಾಗದ ಬರೀ ಕಂಟ್ರೋಲರ್‌ನ ಸೆನ್ಸರ್‌ದು. ನಾವು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಿಂದ ಎಂಟು ಮೂಲೆ, ನಡುವೆ ಒಂದು, ಹೀಗೆ ಒಂಬತ್ತು ಸೆನ್ಸರ್ ಇಡಿಸಿ ಅಳೆಸಿದೆವು. ಬಾಗಿಲ ಪಕ್ಕದ ಕೆಳಮೂಲೆ ಉಳಿದ ಕಡೆಗಿಂತ ಬೆಚ್ಚಗಿತ್ತು. ಗ್ಯಾಸ್ಕೆಟ್ ಅಲ್ಲಿ ಗಟ್ಟಿಯಾಗಿ ಹೋಗಿತ್ತು. ಹೊಸ ಸಿಲಿಕಾನ್ ಗ್ಯಾಸ್ಕೆಟ್ ಹಾಕಿಸಿದ ಮೇಲೆ ಸರಿಯಾಯಿತು. ಈ ಎರಡು ಖರ್ಚನ್ನು ಕೊಳ್ಳುವ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.

ಬ್ಯಾಟರಿ ಪರೀಕ್ಷೆಗೆ ಇದನ್ನು ಕೊಳ್ಳಬೇಡಿ. ಲಿಥಿಯಂ ಸೆಲ್ ಒಳಗೆ ಹೊತ್ತಿಕೊಂಡರೆ ಒತ್ತಡ ಬಿಡುವ ಬಾಗಿಲಾಗಲಿ, ಗ್ಯಾಸ್ ಸೆನ್ಸರ್ ಆಗಲಿ ಇದರಲ್ಲಿ ಇಲ್ಲ. ಬ್ಯಾಟರಿಗೆಂದೇ ಮಾಡಿದ ಚೇಂಬರ್‌ಗಳಿವೆ, ಅದನ್ನೇ ನೋಡಿ. ತೇವದ ಪರೀಕ್ಷೆಯೂ ಇದರಲ್ಲಿ ಆಗದು. ಅದಕ್ಕೆ ನಾವು ಈಗಲೂ ಹೊರಗಿನ ಲ್ಯಾಬ್‌ಗೇ ಹೋಗುತ್ತೇವೆ.

ನನ್ನ ತಲೆಯಲ್ಲಿ ಈಗ ಕೂತಿರುವ ಪ್ರಶ್ನೆ ಆರ್-23ದು. ಇದರ ಹವಾಮಾನ ಹಾನಿ ಕಾರ್ಬನ್ ಡೈಆಕ್ಸೈಡ್‌ಗಿಂತ 14,800 ಪಟ್ಟು. ಹವಾಮಾನ ಕೆಡಿಸುವ ಗ್ಯಾಸ್‌ಗಳನ್ನು ಕಮ್ಮಿ ಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿದ ಮೇಲೆ ಇಂಥ ಗ್ಯಾಸ್‌ಗಳು ಹಂತ ಹಂತವಾಗಿ ಕಮ್ಮಿ ಆಗಲೇಬೇಕು. ಸಿಲಿಂಡರ್ ಈಗಲೇ ದುಬಾರಿ. ಹಾಗಾಗಿ ನಮ್ಮ ಚೇಂಬರ್‌ಗೆ ಗ್ಯಾಸ್ ಕೆಲಸ ಮಾಡುವವರಿಗೆ ಒಂದೇ ಷರತ್ತು: ರಿಕವರಿ ಮೆಷಿನ್ ತಂದರೆ ಮಾತ್ರ ಬನ್ನಿ, ಗಾಳಿಗೆ ಬಿಡುವವರು ಬೇಡ. ಈ ಷರತ್ತಿಗೆ ಒಪ್ಪುವವರನ್ನು ಹುಡುಕಲು ಸಮಯ ಹಿಡಿಯಿತು. ಕಡಿಮೆ ಹಾನಿಯ ಬದಲಿ ಗ್ಯಾಸ್‌ಗಳು ಹೊಸ ಚೇಂಬರ್‌ಗಳಲ್ಲಿ ಬರುತ್ತಿವೆ. ಹಳೆಯದಕ್ಕೆ ಅದನ್ನು ಹಾಕಬೇಕಾದರೆ ಎಣ್ಣೆ, ಎಕ್ಸ್‌ಪ್ಯಾನ್ಶನ್ ವಾಲ್ವ್, ಕೊನೆಗೆ ಮುಟ್ಟುವ ತಾಪ, ಮೂರನ್ನೂ ಮತ್ತೆ ಲೆಕ್ಕ ಹಾಕಬೇಕು. ನಮಗೆ ಮೈನಸ್ 40 ಸಾಕು, ಮೈನಸ್ 68 ಬೇಡ. ಹಾಗಾಗಿ ನಮ್ಮಂಥವರಿಗೆ ಅದು ಹೊಂದಬಹುದು ಅನ್ನುವುದು ನನ್ನ ಅಂದಾಜು. ಮುಂದಿನ ಸಲ ಗ್ಯಾಸ್ ತುಂಬಿಸುವ ಸಂದರ್ಭ ಬಂದರೆ ಆರ್-23ಕ್ಕೆ ದುಡ್ಡು ಹಾಕುವ ಮುಂಚೆ ತಯಾರಕರಿಗೆ ಬರೆದು ಕೇಳುತ್ತೇನೆ.